ಹಂಚಿನಾಳ ಗುರುಸಿದ್ದಪ್ಪನ ನಾನೂರನೆಯ ಹಕ್ಕಿ

ಕೇಳಿರಿ ಮಹಾಜನರೇ, ಶಾಲಿನ ಹೊರಗೆ ಬರಿಯ ಮೂಗನ್ನಿಟ್ಟು ಕುಳಿತವರೇ. ಕೃತಯುಗದಲ್ಲಿ ಮನುಷ್ಯನ ಹಿರಿಮೆಯನ್ನು ತಪಸ್ಸಿನಿಂದ ಅಳೆದರು, ತ್ರೇತೆಯಲ್ಲಿ ಬಿಲ್ಲಿನಿಂದ, ದ್ವಾಪರದಲ್ಲಿ ಗದೆಯಿಂದ. ಕಲಿಯುಗದ ಈ ಪಾದದಲ್ಲಿ ಕೊರಳಿಗೆ ತೂಗುಬಿದ್ದ ಲೆನ್ಸಿನ ಉದ್ದದಿಂದ ಅಳೆಯುತ್ತಾರೆ. ಕಥೆಗೆ ಮೊದಲು ಯಾರನ್ನು ನೆನೆಯಲಿ? ಗಣಪನನ್ನು ಕರೆದರೆ ಅವನ ಇಲಿ ಬರುತ್ತದೆ, ಇಲಿಯ ಬೆನ್ನು ಹತ್ತಿ ಗೂಬೆ ಬರುತ್ತದೆ, ಗೂಬೆ ಬಂದರೆ ನನ್ನ ನಾಯಕನು ಕಥೆಯನ್ನು ನಡುವೆಯೇ ಬಿಟ್ಟು ಅದರ ಹಿಂದೆ ಓಡುತ್ತಾನೆ. ಶಾರದೆಯ ಬಳಿ ಹಂಸವಿದೆ, ಷಣ್ಮುಖನಿಗೆ ನವಿಲು, ವಿಷ್ಣುವಿಗೆ ಗರುಡ. ಎಲ್ಲ ಕಡೆಯೂ ಅದೇ ಅಪಾಯ. ಆದುದರಿಂದ ಹಕ್ಕಿಯ ಸಹವಾಸವಿಲ್ಲದ ಏಕೈಕ ದೇವತೆಯಾದ ಬ್ಯಾಟರಿಗೆ ಕೈಮುಗಿಯುತ್ತೇನೆ: ತಾಯೇ, ಚಳಿಯಲ್ಲಿ ಬೇಗ ಬಳಲುವವಳೇ, ಈ ಕಥೆ ಮುಗಿಯುವ ತನಕ ಉಸಿರು ಹಿಡಿದಿರು.

ಹುಬ್ಬಳ್ಳಿಯಲ್ಲಿ ಸ್ಟೀಲು-ಹಿತ್ತಾಳೆ ಪಾತ್ರೆಗಳ ಅಂಗಡಿಯಿಟ್ಟು, ಭಾನುವಾರಗಳಂದು ಅದರ ಬಾಗಿಲೆಳೆದು, ಸುತ್ತಲಿನ ಏಳು ತಾಲ್ಲೂಕಿನ ಕೆರೆಕುಂಟೆಗಳನ್ನು ಜಯಿಸಲು ಹೊರಡುತ್ತಿದ್ದ ಷಟ್ಶತಮಿಲಿಮೀಟರದೀರ್ಘನಳಿಕಾಧರ, ತ್ರಿಪಾದಸ್ತಂಭಸ್ಕಂಧ, ಏಕೋನಚತುಶ್ಶತಪಕ್ಷಿದರ್ಶಕ, ಅಂದರೆ ಒಂದು ಕಡಿಮೆ ನಾನೂರು ಜಾತಿಯ ಹಕ್ಕಿಗಳನ್ನು ಕಂಡವನಾದ ಹಂಚಿನಾಳ ಗುರುಸಿದ್ದಪ್ಪನೇ ಆ ನಾಯಕ. ವಯಸ್ಸು ಐವತ್ತೆಂಟು. ನೋವು ಎರಡೂ ಮೊಣಕಾಲುಗಳಲ್ಲಿ.

ಅವನಿಗೆ ಎದುರಾಗಿ ನಿಂತವನು ಧಾರವಾಡದ ದಂತವೈದ್ಯ, ದಂತೋತ್ಪಾಟನಪಟು, ಪರವದನಗಹ್ವರವೀಕ್ಷಣಚತುರ ಪ್ರಹ್ಲಾದ ಗಲಗಲಿ, ಗುರುಸಿದ್ದಪ್ಪನ ಬಾಯಲ್ಲಿ ಪಲ್ಲಣ್ಣ. ಹದಿನಾಲ್ಕು ವರ್ಷಗಳ ಹಿಂದೆ ಅವನ ಕೈಗೆ ಮೊದಲ ದುರ್ಬೀನು ಕೊಟ್ಟು ಹಕ್ಕಿ ನೋಡಲು ಕಲಿಸಿದವನು ಗುರುಸಿದ್ದಪ್ಪನೇ. ಶಿಷ್ಯನ ಲೆಕ್ಕವೂ ಈಗ ಮುನ್ನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. ಗುರುಶಿಷ್ಯರ ನಡುವೆ ಮಾತು ಕಡಿಮೆಯಾಗಿ ಒಂದು ವರ್ಷವಾಗಿತ್ತು.

ಇವರಿಬ್ಬರೂ ಸೇರಿದ್ದ ಖಗಮಿತ್ರ ಬಳಗದ ಕಟ್ಟಳೆಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮಹಾಯುದ್ಧಗಳೆಲ್ಲ ಕಟ್ಟಳೆಗಳಿಂದಲೇ ಹುಟ್ಟುತ್ತವೆ. ಪ್ರತಿ ಸದಸ್ಯನ ಬಳಿ ನೀಲಿ ರಟ್ಟಿನ ಒಂದು ಪುಸ್ತಕ. ಕಂಡ ಹಕ್ಕಿಯನ್ನು ಅದರಲ್ಲಿ ಬರೆಯಬೇಕು; ಆದರೆ ಇನ್ನೊಬ್ಬ ಸದಸ್ಯ ಜೊತೆಯಲ್ಲಿ ನಿಂತು ಕಂಡೋ, ಸ್ಪಷ್ಟವಾದ ಚಿತ್ರ ನೋಡಿಯೋ ಸಹಿ ಹಾಕುವ ತನಕ ಆ ಹಕ್ಕಿ ಹುಟ್ಟಿಯೇ ಇಲ್ಲ. ಮೊದಲು ನಾನೂರು ಮುಟ್ಟಿದವನಿಗೆಂದು ಬಳಗದ ಹಿರಿಯರು ಹೊಲಿಸಿಟ್ಟ ಹಸಿರು ಟೊಪ್ಪಿಗೆಯೊಂದು ಹನ್ನೊಂದು ವರ್ಷಗಳಿಂದ ಗಾಜಿನ ಕಪಾಟಿನ ಮೊಳೆಗೆ ನೇತುಬಿದ್ದಿತ್ತು. ಮತ್ತು ಎಲ್ಲಕ್ಕಿಂತ ಕಠಿಣವಾದದ್ದು: ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ನುಡಿಸಿ ಅದನ್ನು ಹೊರಗೆಳೆಯಬಾರದು. ಮೂರು ಸಾವಿರ ಮೈಲಿ ಹಾರಿ ಬಂದು ಹುಳ ತಿಂದು ಬದುಕಬೇಕಾದ ಜೀವಕ್ಕೆ ಸುಳ್ಳು ಜಗಳ ಹಚ್ಚುವುದು ಪಾಪ. ಮುರಿದವನು ಒಂದು ವರ್ಷ ಬಳಗದ ಚಹಾಕಪ್ಪುಗಳನ್ನು ತೊಳೆಯತಕ್ಕದ್ದು. ಈ ಪ್ರತಿಜ್ಞೆಯನ್ನು ಬರೆದು, ಓದಿ, ಎಲ್ಲರಿಂದ ಕೈಯೆತ್ತಿಸಿದವರು ಯಾರೆಂದು ಕೇಳುವಿರಾ? ಗುರುಸಿದ್ದಪ್ಪ ಮತ್ತು ಗಲಗಲಿ.

ಪುಷ್ಯಮಾಸದ ಒಂದು ಭಾನುವಾರ, ಗದಗದ ಕಡೆಯ ಮುದಗುಂಡಿ ಕೆರೆಗೆ ಬಳಗದ ಚಳಿಗಾಲದ ಪ್ರವಾಸ ಹೊರಟಿತು. ಹೊರಟವರು ಇವರಿಬ್ಬರೇ, ಉಳಿದ ಸದಸ್ಯರು ಎಳೆಜೋಳದ ಸೀತನಿ ಸುಟ್ಟು ತಿನ್ನಲು ಯಾರದೋ ಹೊಲಕ್ಕೆ ಹೋಗಿದ್ದರು. ವ್ಯಾನಿನೊಳಗೆ, ಎರಡು ಬೇರೆ ಬೇರೆ ಕಿಟಕಿಗಳನ್ನು ನೋಡುತ್ತ, ವೀರರು ತಮ್ಮ ತಮ್ಮ ಘೋಷಣೆಗಳನ್ನು ಮಾಡಿದರು. "ಎಲೈ ದಂತಾರಿಯೇ, ಇಂದು ದಿನಮಣಿಯು ನೆತ್ತಿಗೇರುವ ಮುನ್ನ ಚತುಶ್ಶತಗಿರಿಯ ಶಿಖರದಲ್ಲಿ ನನ್ನ ಧ್ವಜವು ಪಟಪಟಿಸದಿದ್ದರೆ ಈ ನಳಿಕೆಯನ್ನು ತುಂಗಭದ್ರೆಯಲ್ಲಿ ವಿಸರ್ಜಿಸುವೆನು" ಎಂದು ಗುರುಸಿದ್ದಪ್ಪ ಗರ್ಜಿಸಿದ. ಅವನ ಬಾಯಿಂದ ಬಂದ ಮಾತು ನಿಜವಾಗಿ "ಇವತ್ತ ಮುಟ್ಟಸ್ತೇನಿ" ಎಂಬುದು. ಆದರೆ ಅರ್ಥ ಅದೇ. ಗಲಗಲಿ ಅದಕ್ಕೆ ಸಮನಾದ ಉಗ್ರತೆಯಿಂದ "ನೋಡೋಣಂತ ಕಾಕಾ" ಎಂದ.

ಕೆರೆಯ ದಂಡೆಯ ಮೇಲೆ ದಾವಲಸಾಬ ನದಾಫ ಕಾದಿದ್ದ. ಬಂದವರಿಗೆ ಹಕ್ಕಿ ತೋರಿಸುವುದು, ತೋರಿಸಿದ ಮೇಲೆ ತನ್ನ ಅಂಗಡಿಯಲ್ಲಿ ಚಹಾ ಕುಡಿಸುವುದು ಅವನ ಉದ್ಯೋಗ. ನೀರಿನ ಮೇಲೆ, ಮಂಜಿನ ಪರದೆಯ ಹಿಂದೆ, ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರ ಸಂಖ್ಯೆಯಲ್ಲಿ ಕೂತಿದ್ದವು. ಇಬ್ಬರೂ ಅವುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವು ಇಬ್ಬರ ಪುಸ್ತಕದಲ್ಲೂ ಆಗಲೇ ಇದ್ದವು.

ದಾವಲಸಾಬ ಕೆರೆಯ ಅಂಚಿನಲ್ಲಿ ಆಳೆತ್ತರ ಬೆಳೆದ ಆಪಿನ ಹುಲ್ಲನ್ನು ತೋರಿಸಿದ. "ಅದರಾಗೊಂದ ಸಣ್ಣ ಹಕ್ಕಿ ಐತ್ರಿ ಸಾವ್ಕಾರ್ರ. ಮಿಡತಿ ಒದರಿದಂಗ ಒದರತೈತಿ. ಹುಲ್ಲಿನ ಬುಡಕ್ಕ ಇಲಿ ಓಡಿದಂಗ ಓಡತೈತಿ."

ಮಿಡತೆ ಉಲಿಯಕ್ಕಿ! ಇಬ್ಬರ ಎದೆಯೂ ಒಮ್ಮೆಲೇ ನಗಾರಿಯಾಯಿತು. ಇಬ್ಬರ ಪುಸ್ತಕದಲ್ಲೂ ಇಲ್ಲದ, ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಮಣ್ಣಿನ ಬಣ್ಣದ, ಯಾರಿಗೂ ಬೇಡವಾದ ಹಕ್ಕಿ. ಬಿಸಿಲು ಬರುವ ತನಕ ದಂಡೆಯ ಮೇಲೆ ಸುಮ್ಮನೆ ಕೂತರೆ ಅದು ತಾನಾಗಿಯೇ ಹೊರಗೆ ಬರುತ್ತದೆಂದು ದಾವಲಸಾಬ ತಿಳಿಹೇಳಿದ. ಆದರೆ ಯಾವ ವೀರ ಸುಮ್ಮನೆ ಕೂತು ಟೊಪ್ಪಿಗೆ ಗೆದ್ದಿದ್ದಾನೆ? ಗುರುಸಿದ್ದಪ್ಪ ಹುಲ್ಲಿನ ಮೂಡಣ ಅಂಚಿಗೆ ಹೋದ, ಗಲಗಲಿ ಪಡುವಣ ಅಂಚಿಗೆ. ನಡುವೆ ಇನ್ನೂರು ಹೆಜ್ಜೆಯ ಆಪು, ಅದರೊಳಗೆ ಅಪಾರ ಕೆಸರು.

ಅರ್ಧ ಗಂಟೆ ಏನೂ ಆಗಲಿಲ್ಲ. ಮೊಣಕಾಲುಗಳೊಳಗೆ ಚಳಿ ತನ್ನ ಪಾಳೆಯ ಬಿಟ್ಟಿತು. ಆಗ, ಓ ಮಹಾಜನರೇ, ನನ್ನ ನಾಲಿಗೆ ತಡವರಿಸುತ್ತದೆ, ನಮ್ಮ ನಾಯಕನ ಕೈ ಅವನ ಹಸಿರು ಜಾಕೀಟಿನ ಒಳಜೇಬಿಗೆ ಇಳಿಯಿತು. ಅಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡ ಸ್ಪೀಕರ್ ಇತ್ತು. ಒಮ್ಮೆ ಮಾತ್ರ, ಸಣ್ಣ ದನಿಯಲ್ಲಿ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೊಬೈಲಿನಲ್ಲಿ ಕೂಗನ್ನು ಹುಡುಕಿ, ಸ್ಪೀಕರನ್ನು ಹುಲ್ಲಿನೊಳಗೆ ತೂರಿಸಿ, ಗುಂಡಿ ಒತ್ತಿದ.

ರ್‍ರ್‍ರ್‍ರ್‍ರ್‍, ಎಂದಿತು ಅದು.

ಪಡುವಣದಲ್ಲಿ ಗಲಗಲಿಯ ಕಿವಿ ನೆಟ್ಟಗಾಯಿತು. ಹಕ್ಕಿ ಇದೆ, ಮೂಡಣದಲ್ಲಿದೆ. ಅದನ್ನು ತನ್ನ ಕಡೆ ಸೆಳೆಯಬೇಕಾದರೆ ಉತ್ತರ ಕೊಡಬೇಕು. ಅವನ ಜೇಬಿನಲ್ಲಿದ್ದದ್ದು ಮೋಸಂಬಿಯಷ್ಟು ದೊಡ್ಡ ಸ್ಪೀಕರ್.

ರ್‍ರ್‍ರ್‍ರ್‍ರ್‍, ಎಂದಿತು ಅದೂ.

ಉತ್ತರ ಕೇಳಿ ಗುರುಸಿದ್ದಪ್ಪನ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷಗಳ ತಪಸ್ಸಿಗೆ ಹಕ್ಕಿ ಓಗೊಟ್ಟಿದೆ. ಅವನು ಮತ್ತೆ ನುಡಿಸಿದ, ಅದು ಮತ್ತೆ ಉತ್ತರಿಸಿತು. ಇಷ್ಟು ಮಾತುಗಾರ ಹಕ್ಕಿಯನ್ನು ತಾವೆಂದೂ ಕಂಡಿಲ್ಲವೆಂದು ಇಬ್ಬರೂ ಅಂದುಕೊಂಡರು. ಸ್ಪೀಕರನ್ನು ಮುಂದೆ ಮುಂದೆ ಇಡುತ್ತ, ಹೊಟ್ಟೆಯ ಮೇಲೆ ತೆವಳುತ್ತ, ಒಬ್ಬನು ಮೂಡಣದಿಂದ ಪಡುವಣಕ್ಕೆ, ಇನ್ನೊಬ್ಬನು ಪಡುವಣದಿಂದ ಮೂಡಣಕ್ಕೆ, ಜಿಗಣೆಸಂಕುಲಸೇವಿತವಾದ ಆ ಕರ್ದಮಸಾಗರದಲ್ಲಿ ಮುನ್ನಡೆದರು. ಆರು ಕಿಲೋ ತೂಕದ ಕ್ಯಾಮೆರಾವನ್ನು ಕೂಸಿನಂತೆ ಎದೆಯ ಮೇಲೆ ಹೊತ್ತು ಗುರುಸಿದ್ದಪ್ಪ ಸಾಗುವುದನ್ನು ಕಂಡು ಹೆಬ್ಬಾತುಗಳು ಕತ್ತೆತ್ತಿದವು. ಎವರೆಸ್ಟಿನ ನೆತ್ತಿಯ ಗಾಳಿಯನ್ನು ಸೀಳಿ ಬಂದ ಆ ಹಕ್ಕಿಗಳು ಇಂಥದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮತ್ತೆ ರೆಕ್ಕೆಯೊಳಗೆ ಕೊಕ್ಕಿಟ್ಟವು.

ಮುಕ್ಕಾಲು ಗಂಟೆಯ ತರುವಾಯ ಗುರುಸಿದ್ದಪ್ಪ ಎರಡು ಕೈಗಳಿಂದ ಕೊನೆಯ ಆಪನ್ನು ಸರಿಸಿದ. ಎದುರಿಗೆ, ಕೆಸರಿನ ಮುಖವಾಡ ತೊಟ್ಟ ಒಂದು ಮುಖ ಕಣ್ಣು ಪಿಳುಕಿಸುತ್ತಿತ್ತು. ಎರಡು ಮುಖಗಳ ನಡುವೆ ಒಂದು ಲಿಂಬೆಹಣ್ಣು, ಒಂದು ಮೋಸಂಬಿ. ಎರಡೂ ಒಂದಕ್ಕೊಂದು ರ್‍ರ್‍ರ್‍ ಎನ್ನುತ್ತಿದ್ದವು.

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಇಬ್ಬರೂ ಜಿಗಿಯುತ್ತಿದ್ದರು.

"ನೀನೂ ಹಚ್ಚಿದೇನು ಪಲ್ಲಣ್ಣ" ಎಂದ ಗುರುಸಿದ್ದಪ್ಪ.

"ನೀವು ಹಚ್ಚಿದ್ರಿ, ಅದಕ್ಕ ನಾ ಹಚ್ಚಿದೆ."

"ನಾ ಹಚ್ಚಿದ್ದು ಸಣ್ಣ ದನ್ಯಾಗ."

"ಪಾಪ ಸಣ್ಣ ದನ್ಯಾಗ ಮಾಡಿದ್ರ ನಡೀತದೇನ್ರಿ ಕಾಕಾ? ಪ್ರತಿಜ್ಞಾ ಬರದಾವ್ರು ನೀವು."

"ಅಕ್ಷರ ನಂದು. ವಾಕ್ಯ ನಿಂದು."

ಇದಕ್ಕೆ ಗಲಗಲಿ ಏನು ಹೇಳುತ್ತಿದ್ದನೋ ಲೋಕಕ್ಕೆ ತಿಳಿಯಲಿಲ್ಲ. ಏಕೆಂದರೆ ಆ ಕ್ಷಣದಲ್ಲಿ ಹುಲ್ಲಿನ ಬುಡದಿಂದ ಮಣ್ಣಿನ ಬಣ್ಣದ ಒಂದು ಜೀವ ಇಲಿಯಂತೆ ಓಡಿ ಬಂದು, ತನ್ನ ಮನೆಯಂಗಳದಲ್ಲಿ ಬೆಳಗಿನಿಂದ ಒದರುತ್ತಿರುವವರು ಯಾರೆಂದು ವಿಚಾರಿಸಲು, ಮೋಸಂಬಿಯ ಮೇಲೆ ಹತ್ತಿ ನಿಂತಿತು.

ಮಿಡತೆ ಉಲಿಯಕ್ಕಿ. ಇಬ್ಬರಿಂದಲೂ ಎರಡೇ ಮೊಳ ದೂರ.

ಆಗ, ಬರಿಗಣ್ಣಿನಿಂದ ಸರಿಯಾಗಿ ನೋಡುವ ಮೊದಲೇ, ಎರಡು ದೀರ್ಘನಳಿಕೆಗಳು ಏಕಕಾಲಕ್ಕೆ ಮೇಲೆದ್ದವು, ಎರಡು ಕಣ್ಣುಗಳು ಏಕಕಾಲಕ್ಕೆ ಕಿಂಡಿಗೆ ಅಂಟಿದವು. ಹಾ ವಿಧಿಯೇ! ಅರ್ಧ ಮೈಲಿ ದೂರದ ಹದ್ದಿನ ಕಣ್ಣಿನ ಹೊಳಪನ್ನು ಹಿಡಿಯಬಲ್ಲ, ಮನೆಯ ಹಜಾರಕ್ಕಿಂತ ಬೆಲೆಬಾಳುವ ಆ ಲೆನ್ಸುಗಳಿಗೆ ಹದಿನೈದು ಅಡಿಗಿಂತ ಹತ್ತಿರದ್ದೇನೂ ಕಾಣುತ್ತಿರಲಿಲ್ಲ. ಕಿಂಡಿಯಲ್ಲಿ ಕಂಡದ್ದು ಕಂದು ಬಣ್ಣದ ಒಂದು ಮೋಡ. ಯಂತ್ರದ ಮೋಟಾರು ಮುಂದೆ ಹೋಯಿತು, ಹಿಂದೆ ಬಂತು, ಏನೂ ಸಿಗದೆ ನರಳಿತು. ಗುರುಸಿದ್ದಪ್ಪ ಕಣ್ಣು ತೆಗೆಯದೆ ಹಿಂದಕ್ಕೆ ತೆವಳಲಾರಂಭಿಸಿದ. ಗಲಗಲಿಯೂ ತೆವಳಿದ. ಇಬ್ಬರು ಮಹಾರಥರು ತಾವು ಗೆಲ್ಲಬೇಕಾದ ವಸ್ತುವಿನಿಂದ ಹಿಮ್ಮುಖವಾಗಿ, ಒಂದೊಂದೇ ಗೇಣು, ಹದಿನೈದು ಅಡಿ ದೂರಕ್ಕೆ ಪಲಾಯನ ಮಾಡಿದರು. ಮೋಡವು ಮೆಲ್ಲಗೆ ಆಕಾರ ತಾಳಿತು, ಅಂಚು ಮೂಡಿತು, ಕೊನೆಗೆ ಕೂದಲೆಳೆ ತಪ್ಪದಷ್ಟು ಸ್ಪಷ್ಟವಾಯಿತು.

ಅದು ಮೋಸಂಬಿಯಾಗಿತ್ತು. ಮೇಲೆ ಯಾರೂ ಇರಲಿಲ್ಲ.

ದಂಡೆಗೆ ಬಂದು ಇಬ್ಬರೂ ದಾವಲಸಾಬನ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಅವನು ಚಹಾ ಕೊಟ್ಟ, ಕಾಗದದಲ್ಲಿ ಚುರಮುರಿಯ ಗಿರ್ಮಿಟ್ ಕೊಟ್ಟ. ಕ್ಯಾಮೆರಾಗಳಲ್ಲಿ ತಲಾ ಎಂಬತ್ತು ಚಿತ್ರಗಳಿದ್ದವು, ಎಲ್ಲವೂ ಮೋಡ. ಗುರುಸಿದ್ದಪ್ಪ, ಯಾರ ಕಡೆಗೂ ನೋಡದೆ, ನೀನಾದರೂ ಬರಿಗಣ್ಣಿನಿಂದ ಗುರುತು ಹಿಡಿಯುವಷ್ಟು ಕಂಡೆಯಾ ಎಂದು ಗಲಗಲಿಯನ್ನು ಕೇಳಿದ. ಗಲಗಲಿ ಇಲ್ಲವೆಂದು ತಲೆಯಾಡಿಸಿದ. ಕಂಡೆನೆಂದಿದ್ದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ; ಆದರೂ ಅವನು ಅನ್ನಲಿಲ್ಲ.

"ಆಗಳೆ ನಾ ಇಲ್ಲಿಂದನ ನೋಡಿದ್ನಿರಿ" ಎಂದ ದಾವಲಸಾಬ. "ನೀವ್ ಒಳಗ ಹೊಕ್ಕಿದ್ರಲ್ರಿ, ಆಗ ಹೊರಗ ಬಂದು ಕಲ್ಲಿನ ಮ್ಯಾಲ ಕುಂತಿತ್ತು. ಊರೆಲ್ಲಾ ರ್‍ರ್‍ರ್‍ ಅಂತಿತ್ತಲ್ರಿ, ಒಳಗ ಹೋತು."

"ಹೆಂಗಿತ್ತು?" ಎಂದರು ಇಬ್ಬರೂ.

ದಾವಲಸಾಬ ಸುತ್ತಲೂ ನೋಡಿದ. ಬೆಂಚಿನ ನಡುವೆ, ಗಿರ್ಮಿಟ್ಟಿನ ಕಾಗದದ ಅಂಚಿನಲ್ಲಿ, ಒಂದು ಹೆಣ್ಣುಗುಬ್ಬಿ ಕೂತು ಚುರಮುರಿ ಹೆಕ್ಕುತ್ತಿತ್ತು. "ಈಕಿ ಹಂಗ ಇತ್ರಿ. ಈಕಿಗಿಂತ ಒಂದೀಟು ಸಣ್ಣದು."

ಗಲಗಲಿ ಗುಬ್ಬಿಯನ್ನು ನೋಡಿದ. ಆಮೇಲೆ ಯಾಕೋ ಗುರುಸಿದ್ದಪ್ಪನ ನೀಲಿ ಪುಸ್ತಕವನ್ನು ಎತ್ತಿಕೊಂಡು ಮೊದಲ ಪುಟದಿಂದ ತಿರುವತೊಡಗಿದ. ಕೊನೆಯ ತನಕ ತಿರುವಿ, ಮತ್ತೆ ಮೊದಲಿನಿಂದ ತಿರುವಿದ.

"ಕಾಕಾ, ನಿಮ್ಮ ಪುಸ್ತಕದಾಗ ಗುಬ್ಬಿ ಇಲ್ಲ."

"ಅದನ್ನೇನ್ ಬರೀತಾರ."

"ನಂದರಾಗ ಒಂದನೇದು ಅದ. ಸಹಿ ನಿಮ್ದು. ನಿಮ್ಮ ಅಂಗಡಿ ಮುಂದ, ಕೊಡದ ಮ್ಯಾಲ ಕೂತಿತ್ತು. ನೀವೂ ಬರಕೋರಿ ಅಂದೆ. ‘ನನ್ನ ಪುಸ್ತಕ ಹದ್ದಿನಿಂದ ಸುರು ಆಗೇದ’ ಅಂದ್ರಿ ನೀವು."

ಗುರುಸಿದ್ದಪ್ಪ ಗುಬ್ಬಿಯ ಕಡೆ ತಿರುಗಿದ. ಮೂವತ್ತು ವರ್ಷ ದಿನವೂ ಅಂಗಡಿಯ ಬಾಗಿಲೆತ್ತುವಾಗ ಕಂಡ ಹಕ್ಕಿ. ಒಬ್ಬರನ್ನು ಕರೆದು ಸಹಿ ಕೇಳಲು ನಾಚಿಕೆಯಾದ ಹಕ್ಕಿ. ಅದು ಈಗ ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿ ಕೂತು, ಒಂದು ಚುರಮುರಿ ಕಾಳನ್ನು ಆಯ್ದು, ಬೇಡವೆಂದು ಬಿಟ್ಟು, ಇನ್ನೊಂದನ್ನು ಆಯ್ದಿತು. ಅವನ ಕೈ ಕ್ಯಾಮೆರಾದ ಕಡೆ ಹೋಗಿ, ನಡುವೆಯೇ ನಿಂತು, ತೊಡೆಯ ಮೇಲೆ ಮರಳಿತು.

"ನೋಡಿದ್ರಿ?" ಎಂದು ಗಲಗಲಿ ಕೇಳಿದ, ಕಟ್ಟಳೆಯ ಪ್ರಕಾರ.

"ನೋಡ್ದೆ."

ಗಲಗಲಿ ಪೆನ್ನು ತೆರೆದು ಹಿಡಿದ. ಸಹಿ ಹಾಕದಿದ್ದರೆ ಟೊಪ್ಪಿಗೆ ಇನ್ನೂ ಯಾರದೂ ಅಲ್ಲ. ಅವನಿಗೆ ಮುಂದಿನ ಭಾನುವಾರವಿದೆ, ಅದರ ಮುಂದಿನದೂ ಇದೆ, ಮೊಣಕಾಲುಗಳು ಇನ್ನೂ ಚೆನ್ನಾಗಿವೆ. ಪೆನ್ನಿನ ತುದಿ ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತು ಮಸಿಯ ಚುಕ್ಕೆಯೊಂದು ಅಗಲವಾಯಿತು. ಆಮೇಲೆ ಅವನು ಸಹಿ ಹಾಕಿದ.

"ಮತ್ತ ಆ ಪ್ರತಿಜ್ಞಾ?" ಎಂದ, ಪೆನ್ನು ಮುಚ್ಚುತ್ತ.

"ಬಳಗದಾಗ ಕಪ್ಪು ಎಷ್ಟ ಅದಾವ?"

"ಮೂವತ್ತೆರಡು."

"ಹದಿನಾರು ನಿನಗ, ಹದಿನಾರು ನನಗ."

ಹೀಗೆ ಕೊನೆಗೊಂಡಿತು ಮುದಗುಂಡಿಯ ಮಹಾಸಮರ. ಬಳಗದ ದಾಖಲೆಯಲ್ಲಿ ಅದರ ವೃತ್ತಾಂತ ಈಗಲೂ ಒಂದೇ ಸಾಲಿನಲ್ಲಿದೆ: ನಾನೂರು, ಗುಬ್ಬಿ, ಹೆಣ್ಣು, ಒಂದು ಗೇಣು ದೂರ, ಗಿರ್ಮಿಟ್ ತಿನ್ನುತ್ತಿತ್ತು. ಬಯಸಿದವರು ಯಾವ ಭಾನುವಾರದ ಸಂಜೆಯಾದರೂ ಬಳಗದ ಕೋಣೆಯ ಹಿಂದಿನ ನಲ್ಲಿಯ ಬಳಿ ಹೋಗಬಹುದು. ಅಲ್ಲಿ ಏಕೋನಪದವರ್ಜಿತಚತುಶ್ಶತಪಕ್ಷಿದರ್ಶಕ, ಅಂದರೆ ‘ಒಂದು ಕಡಿಮೆ’ ಎಂಬ ಪದ ಕಳಚಿಬಿದ್ದು ಪೂರ್ತಿ ನಾನೂರು ಕಂಡವನಾದ ಹಂಚಿನಾಳ ಗುರುಸಿದ್ದಪ್ಪ, ಕಿವಿಯ ತನಕ ಇಳಿಯುವ ಹಸಿರು ಟೊಪ್ಪಿಗೆಯನ್ನು ತೊಟ್ಟು, ಕುಕ್ಕರಗಾಲಿನಲ್ಲಿ ಕೂತು, ಕಪ್ಪು ತೊಳೆಯುತ್ತಿರುತ್ತಾನೆ. ಪಕ್ಕದಲ್ಲಿ, ತನ್ನ ಹದಿನಾರನ್ನು ತೊಳೆದು ಮುಗಿಸಿದ ದಂತವೈದ್ಯನು ಗುರುವಿನ ಕಪ್ಪುಗಳನ್ನು ಒರೆಸುತ್ತ, ಈ ಕಪ್ಪಿನ ಒಳಗೆ ಇನ್ನೂ ಕಲೆ ಉಳಿದಿದೆ ಕಾಕಾ, ಮತ್ತೊಮ್ಮೆ ತಿಕ್ಕಿರಿ, ಎನ್ನುತ್ತಿರುತ್ತಾನೆ.