ಖಾಲಿ ತಂಬಿಗೆಯ ಟರ್ಕಿ ಅಜ್ಜಿ

ಇರಾ, ನಿಹಾರ, ನಮ್ಮ ಪಕ್ಕದ ಮನೆಯ ಟರ್ಕಿ ಅಜ್ಜಿ ಈ ಅಲೆನ್ ಊರಿಗೆ ಎಂದೂ ಬಂದೇ ಇರಲಿಲ್ಲ ಎಂದರೆ ನಗುತ್ತೀರಿ. ದಿನಾ ಕಾಣುತ್ತಿದ್ದಳಲ್ಲ ಎನ್ನುತ್ತೀರಿ. ಕಾಣುತ್ತಿದ್ದುದು ಬರೀ ಮೈ! ಜೀವವೆಲ್ಲ ಅವಳ ಹಳ್ಳಿಯಲ್ಲೇ. ನಮ್ಮ ಬೀದಿಯ ಅಂಚೆಪೆಟ್ಟಿಗೆಗಳು ಆಕೆಗೆ ಊರಿನ ನೀರಿನ ತೊಟ್ಟಿ, ದೂರದ ಎತ್ತರದ ನೀರಿನ ಟ್ಯಾಂಕು ಕುರಿ ಮೇಯುವ ಗುಡ್ಡ, ನಿಮ್ಮ ಶಾಲೆ ಸೋದರಮಾವನ ಅಕ್ರೋಟು ತೋಪು!

ಆಕೆಗೆ ಇಂಗ್ಲಿಷ್ ಬಾರದು, ನನಗೂ ಬಾರದು. ಆಕೆ ತನ್ನ ಭಾಷೆಯಲ್ಲಿ, ನಾನು ಕನ್ನಡದಲ್ಲಿ; ತಿಳಿಯದಿದ್ದರೆ ಅವಳ ಸೊಸೆಯ ಫೋನು ಅನುವಾದಿಸುತ್ತಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಆಕೆಯೊಂದಿಗೆ ಎಷ್ಟು ಹರಟುತ್ತಿದ್ದೆ!

ಒಂದು ಬೇಸಗೆ ಆಕೆ ಗಾದಿ ಬಿಚ್ಚಿ, ಉಣ್ಣೆ ತೊಳೆದು, ಕಾರು ನಿಲ್ಲಿಸುವ ಜಾಗದಲ್ಲಿ ಹರವಿ ಕೋಲಿನಿಂದ ಬಡಿದಳು. ಬೀದಿಯ ತುಂಬ ಹಿಮ ಬಿದ್ದಂತಾಯಿತು! ಎದುರುಮನೆಯ ಅಂಕಲ್ ಓಡಿಬಂದು, ಕುರಿಯಂತೆ "ಬ್ಯಾ..." ಎಂದು ಕೂಗಿ, ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ಆಕೆ ಗಂಭೀರವಾಗಿ ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿದಳು.

ಕಣ್ಣಿನ ಆಪರೇಷನ್‌ಗೆಂದು ನಾನು ಹ್ಯೂಸ್ಟನ್‌ಗೆ ಹೊರಟ ದಿನ ನೆನಪಿದೆಯೇ? ನಿಮ್ಮ ಮುಖ ಮತ್ತೆ ಕಾಣುವೆನೋ ಇಲ್ಲವೋ ಎಂದು ನನಗೆ ದಿಗಿಲು. ಕಾರು ಹೊರಟಿತು. ತಿರುಗಿ ನೋಡಿದರೆ ಆಕೆ ನಡುರಸ್ತೆಯಲ್ಲಿ ನಿಂತಿದ್ದಾಳೆ, ಕೈಯಲ್ಲಿ ಖಾಲಿ ತಂಬಿಗೆ! ನಮ್ಮೂರಲ್ಲಿ ಹೊರಟವರ ಕಣ್ಣಿಗೆ ಖಾಲಿ ಕೊಡ ಬಿದ್ದರೆ ಮುಗಿಯಿತು, ಅಪಶಕುನ.

"ಗಾಡಿ ಹೊಳ್ಳಿಸೋ! ನಾ ಬರೂದಿಲ್ಲ!"

"ಅವ್ವಾ, ಡಾಕ್ಟರ್ ಕಾಯಾಕತ್ತಾರ!" ಎಂದ ನಿಮ್ಮಪ್ಪ.

"ಹಂಗಾದ್ರ ನಿನ್ನ ಕಣ್ಣು ತೋರಿಸ್ಕೊಂಡು ಬಾ!"

ಅವನು ಕಾರು ನಿಲ್ಲಿಸಿ ಆಕೆಯ ಸೊಸೆಗೆ ಫೋನ್ ಮಾಡಿದ. ಆ ಹುಡುಗಿ ನಕ್ಕಳಂತೆ. ಅವರ ಹಳ್ಳಿಯಲ್ಲಿ ದೂರ ಹೋಗುವವರ ಹಿಂದೆ ನೀರು ಚೆಲ್ಲುತ್ತಾರೆ: ನೀರಿನಂತೆ ಸರಾಗವಾಗಿ ಹೋಗು, ನೀರಿನಂತೆ ತಿರುಗಿ ಬಾ. ತಂಬಿಗೆ ಖಾಲಿಯಾದದ್ದು ನನಗಾಗಿ!

ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದೆ. ನಿಮ್ಮಿಬ್ಬರ ಮುಖ ಕಂಡೆ, ನಿಹಾರನ ಮೂಗಿನ ಮೇಲಿನ ಮಚ್ಚೆಯೂ ಕಂಡಿತು. ಆಕೆ ನನ್ನ ಕೈ ಹಿಡಿದು "ತೊಟ್ಟಿ"ಯವರೆಗೆ ನಡೆಸಿ, ಟ್ಯಾಂಕಿನತ್ತ ಬೆರಳು ಮಾಡಿ, ಗುಡ್ಡ ಕಾಣುತ್ತದೆಯೇ ಎಂದಳು.

"ಕುರಿನೂ ಕಾಣಾಕತ್ತಾವ," ಎಂದೆ.

ಹೋದ ವಾರ ಆಕೆ ನಿಜವಾದ ಹಳ್ಳಿಗೆ ಹೊರಟಳು. ಈ ವಯಸ್ಸಿನಲ್ಲಿ ಮರಳಿ ಬರುತ್ತಾಳೋ ಇಲ್ಲವೋ. ತಂಬಿಗೆ ಸಾಲದೆನಿಸಿತು, ಬಕೆಟ್ಟನ್ನೇ ಸುರಿದೆ.

ನೀವು ಓದಲು ಆಸ್ಟಿನ್‌ಗೆ ಹೊರಟಾಗಲೂ ನಾನು ಹಾಗೇ ಬೀದಿಯಲ್ಲಿ ನಿಲ್ಲುತ್ತೇನೆ, ಗೆಳೆಯರೆದುರು ನಾಚಬೇಡಿ. ನಾನಿಲ್ಲದಿದ್ದರೆ ಒಬ್ಬರ ಹಿಂದೆ ಇನ್ನೊಬ್ಬರು ನೀರು ಚೆಲ್ಲಿ. ಮರೆಯದಿರಲೆಂದೇ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ, ಇವಕ್ಕೆ ಮಾತ್ರ ನೀರು ತಾಗದಂತೆ.