ನಾಲ್ಕು ಚೌಕಗಳಲ್ಲಿ ಹಿಡಿಯದ ಕಾಲು

ಯಾರಿಗೆ ನಡೆಯಲು ಎಷ್ಟು ತ್ರಾಸ ಇದೆ ಎಂದು ಅಳೆಯುವ ಕೆಲಸ ಹಿಡಿದ ಮೇಲೆ ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳು ನನಗೆ ವಾರಕ್ಕೆರಡಾದರೂ ಆಗುತ್ತವೆ. ದೈಹಿಕ ಚಟುವಟಿಕೆ ಮತ್ತು ಆರೋಗ್ಯದ ಅಧ್ಯಯನವೊಂದಕ್ಕೆ ಮನೆಮನೆ ತಿರುಗಿ ಫಾರ್ಮ್ ತುಂಬುವವನು ನಾನು. ಗುತ್ತಿಗೆ ನೌಕರಿ, ಆರು ತಿಂಗಳಿಗೊಮ್ಮೆ ಹೊಸದಾಗಿ ಸಹಿ ಬೀಳಬೇಕು. ಫಾರ್ಮಿನ ಮುಖ್ಯ ಪ್ರಶ್ನೆ, 'ನಡೆಯಲು ತೊಂದರೆ ಇದೆಯೇ?' ಮುಂದೆ ನಾಲ್ಕು ಚೌಕ: ಇಲ್ಲ, ಸ್ವಲ್ಪ, ಬಹಳ, ಸಾಧ್ಯವೇ ಇಲ್ಲ. ಕೇಳುವ ನನ್ನ ಎಡಗಾಲಿಗೇ ಮೂರು ವರ್ಷದವನಿದ್ದಾಗ ಪೋಲಿಯೊ ಆಗಿದೆ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ.

ಈ ಸಲ ಹೊಸ ಸಾಹೇಬರು ಫೋನಿನಲ್ಲೇ ಹೇಳಿಬಿಟ್ಟರು. "ತ್ರಾಸ ಇದ್ದೋರನ್ನ ಹುಡುಕ್ರಿ. ಅವರ ಇಲ್ಲಂದ್ರ ನಿಮ್ಮ ಫಾರ್ಮ್ ತಗೊಂಡು ನಾ ಏನ್ ಮಾಡ್ಲಿ? ಸಹಿ ಹ್ಯಾಂಗ ಹಾಕ್ಲಿ?"

ಅಜ್ಜಿಯ ಉತ್ತರ

ಕೇಶ್ವಾಪುರದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಮಂಚದ ಮೇಲೆ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಉತ್ತರ ಕೊಟ್ಟರು. ಅತ್ತೆಯ ಮಂಡಿನೋವು ಅತ್ತೆಗಿಂತ ಸೊಸೆಗೇ ಹೆಚ್ಚು ಗೊತ್ತಿರುವುದು ನಮ್ಮ ಕಡೆಯ ಪದ್ಧತಿ.

"ನಮ್ಮತ್ತಿಗೆ ಏನೂ ತ್ರಾಸ ಇಲ್ರಿ. ಗಟ್ಟಿ ಅದಾರ."

"ಅವರ ಬಾಯಿಂದನ ಬರಬೇಕ್ರಿ ಅಕ್ಕಾರ, ನಿಯಮ ಐತಿ."

ಅಜ್ಜಿಯೂ ಅದನ್ನೇ ಹೇಳಿದರು. "ಇಲ್ಲಪ್ಪಾ, ನಡ್ಯಾಕ ಏನೂ ತ್ರಾಸ ಇಲ್ಲ."

ನನಗೆ ಸಂಶಯ. "ಕಡೀಕ ಯಾವಾಗ ನಡದ್ರಿ ಅಜ್ಜಿ?"

"ನಡ್ಯೂದು ಬಿಟ್ಟು ನಾಕ್ ವರ್ಷ ಆತು. ಬಿಟ್ಟ ಮ್ಯಾಲ ತ್ರಾಸನ ಇಲ್ಲ ನೋಡು."

ಹೇಳಿದ್ದನ್ನೇ ಬರೆಯಬೇಕೆಂಬುದೂ ನಿಯಮ. 'ಇಲ್ಲ' ಎಂದು ಬರೆದುಕೊಂಡು ಬಂದೆ.

ಸೊಂಟದ ಯಂತ್ರ

ಹೆಜ್ಜೆ ಎಣಿಸುವ ಒಂದು ಯಂತ್ರವೂ ಇದೆ. ಬೆಲ್ಟಿನ ಹಾಗೆ ವಾರವಿಡೀ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಒಂದನ್ನು ನವನಗರದ ಒಬ್ಬನಿಗೆ ಕೊಟ್ಟೆ. ಅವನಿಗೆ ಎರಡೂ ಕಾಲಿಲ್ಲ, ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ದಿನಾ ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಹೋಗಿಬರುತ್ತಾನೆ. ಅವನ ರಟ್ಟೆ ನೋಡಿದರೆ ಪೈಲ್ವಾನರು ನಾಚಬೇಕು. ಇನ್ನೊಂದನ್ನು ಗಾದಿ ಬಿಟ್ಟು ಏಳದ ಹತ್ತಿ ವ್ಯಾಪಾರಿಗೆ ಕೊಟ್ಟೆ.

ವಾರದ ಮೇಲೆ ನೋಡಿದರೆ ಗಾಡಿಯವನದು ಸೊನ್ನೆ. 'ಯಂತ್ರ ಕಟ್ಟಿಕೊಂಡಿಲ್ಲ' ಎಂದು ಕಂಪ್ಯೂಟರ್ ಅವನ ಫಾರ್ಮನ್ನೇ ಹೊರಗೆ ಹಾಕಿತು. "ಮಲಗೋವಾಗೂ ಬಿಚ್ಚಿಲ್ರಿ ಸರ" ಎಂದು ಪಾಪ ಅವನು ಆಣೆ ಮಾಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸಿಕ್ಕ ಒಬ್ಬನೂ ಕೈ ತಪ್ಪಿದ.

ವ್ಯಾಪಾರಿ ಮಾತ್ರ ನನ್ನ ಏರಿಯಾಕ್ಕೇ ಮೊದಲಿಗ.

"ಸಾವಕಾರ್ರ, ಇಷ್ಟು ಎಲ್ಲಿ ನಡದ್ರಿ?"

"ನಾ ಯಾಕ ನಡೀಲಿ? ಹಮಾಲಗ ಕಟ್ಟಿದ್ದೆ. ಅಡ್ಡಾಡೋ ಕೆಲಸೆಲ್ಲಾ ಅವನ ಮಾಡೂದು."

ಐತವಾರದ ತನಕ

ಮತ್ತೊಂದು ಮನೆಯಲ್ಲಿ ಮಗಳು ಚಹಾ ತಂದಳು. ಅವಳ ನಡಿಗೆ ನೋಡಿದೆ. ಥೇಟ್ ನನ್ನದೇ ನಡಿಗೆ, ಅದೇ ಎಡಗಾಲು. ತಾಯಿ ಮಾತ್ರ, "ಏನೂ ತ್ರಾಸ ಇಲ್ಲಂತ ಬರಕೊಳ್ರಿ" ಎಂದರು.

"ಅವ್ವಾರ, ನಾ ಕಣ್ಣಾರೆ ನೋಡಾಕತ್ತೇನಲ್ರಿ."

ತಾಯಿ ನನ್ನ ಕಾಲು ನೋಡಿದರು, ದನಿ ತಗ್ಗಿಸಿದರು. "ಐತವಾರ ಗಂಡಿನ ಕಡೆಯವ್ರು ಬರಾಕತ್ತಾರ್ರಿ. ಅಲ್ಲೀತನಕ ಇಲ್ಲಂತ ಇರ್ಲಿ. ಸೋಮವಾರ ಬರ್ರಿ, ಖರೇ ಹೇಳ್ತೇನಿ."

ಹೊರಗೆ ಬಂದ ಮೇಲೆ ನನಗೆ ಸಿಟ್ಟೇ ಬಂತು. ಈ ಜನ ಹೀಗೆ ಸುಳ್ಳು ಹೇಳಿದರೆ ನನ್ನಂಥವರ ಲೆಕ್ಕ ಜಗತ್ತಿಗೆ ಯಾವಾಗ ಸಿಗಬೇಕು ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಮೂರನೇ ಮಹಡಿ

ತಿಂಗಳ ಕೊನೆಗೆ ಸಾಹೇಬರು ಕರೆಸಿದರು. ಕಚೇರಿ ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ನಿಂತಿತ್ತು. ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ತಿರುವಿಗೊಮ್ಮೆ ಕುಳಿತು, ಹೇಗೋ ಹತ್ತಿ ಅವರೆದುರು ಕುರ್ಚಿ ಹಿಡಿದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಏರಿಯಾದಾಗ ಒಬ್ಬರಿಗೂ ತ್ರಾಸ ಇಲ್ಲೇನ್ರಿ? ಮನಿಗೆ ಹೋಗಿ ಕೇಳೀರೋ, ಚಾದಂಗಡ್ಯಾಗ ಕುಂತು ತುಂಬೀರೋ?"

"ಕೇಳೇನ್ರಿ ಸರ. ಎಲ್ಲಾರೂ ಇಲ್ಲಂತಾರ."

"ನಿಮಗ ಕೇಳಾಕ ಬರಂಗಿಲ್ಲ. ಹ್ಯಾಂಗ ಕೇಳಬೇಕಂತ ನಾ ತೋರಸ್ತೇನಿ." ಹೊಸ ಫಾರ್ಮ್ ತೆಗೆದು ಅದರ ಮೇಲೆ ನನ್ನದೇ ಹೆಸರು ಬರೆದರು. "ಹೇಳ್ರಿ, ನಡ್ಯಾಕ, ಮೆಟ್ಟಲಾ ಹತ್ತಾಕ ನಿಮಗೇನರ ತ್ರಾಸ ಐತೇನು? ಸಂಕೋಚ ಬ್ಯಾಡ, ಖರೇ ಹೇಳ್ರಿ."

ನನಗಿನ್ನೂ ಉಸಿರು ತಿರುಗಿರಲಿಲ್ಲ. ಮೇಜಿನ ಕೆಳಗೆ ಕಾಲು ನಡುಗುತ್ತಿತ್ತು. ಮೇಜಿನ ಮೇಲೆ ನನ್ನ ಗುತ್ತಿಗೆ ಕಾಗದ ಸಹಿಗೆ ಕಾಯುತ್ತಿತ್ತು, ಅದರ ಮೊದಲ ಷರತ್ತು ನನ್ನ ಕಣ್ಣಿಗೇ ಬಿತ್ತು: 'ಓಡಾಟಕ್ಕೆ ಯಾವುದೇ ತೊಂದರೆ ಇರಬಾರದು.' ಆ ಹುಡುಗಿಯ ತಾಯಿ ನೆನಪಾದರು.

"ಏನೂ ಇಲ್ರಿ ಸರ," ಎಂದೆ.

ಸಾಹೇಬರು 'ಇಲ್ಲ' ಚೌಕಕ್ಕೆ ಗುರುತು ಹಾಕಿದರು. ಅದೇ ಪೆನ್ನಿನಿಂದ ಗುತ್ತಿಗೆಗೂ ಸಹಿ ಹಾಕಿದರು.

"ಖರೇನ ಯಾರಿಗೂ ಇಲ್ಲ ಅನಸ್ತೈತಿ ಬಿಡ್ರಿ. ಹಂಗಾರ ಒಂದ್ ಕೆಲಸ ಮಾಡ್ರಿ. ಕೆಳಗಿಳದು ಇದನ್ನ ಎರಡು ಝೆರಾಕ್ಸ್ ಮಾಡಿಸ್ಕೊಂಡು, ಲಗೂನ ಮ್ಯಾಲ ಬಂದ್ಬಿಡ್ರಿ."