ಒಂದೇ ಸಲ ಹಚ್ಚಿದ ಮಸಿ

ಗಂಡಸಿಗೆ ಹೆಸರು ಅಂತ ಒಂದು ಇರುವುದು ಮದುವೆಯಾಗುವವರೆಗೆ ಮಾತ್ರ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಉಸುರಿ, ಊರಿಗೆಲ್ಲ ಸಕ್ಕರೆ ಹಂಚಿ ಇಟ್ಟ ನನ್ನ ಹೆಸರು ನರಸಿಂಹಮೂರ್ತಿ. ಅಷ್ಟುದ್ದದ ಹೆಸರನ್ನು ನನ್ನ ಹೆಂಡತಿ ಕುಸುಮ ಮದುವೆಯ ಮರುದಿನವೇ ಒಂದಕ್ಷರಕ್ಕೆ ಇಳಿಸಿಬಿಟ್ಟಳು: ‘ರೀ’. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ, ಬಿಡಿ. ಊರ ಕಡೆ ಮದುವೆಮನೆಯಲ್ಲಿ ಯಾರೋ ಒಬ್ಬಳು ‘ರೀ’ ಎಂದರೆ ಹತ್ತು ಗಂಡಂದಿರು ಒಟ್ಟಿಗೆ ತಿರುಗಿ ನೋಡುತ್ತಾರೆ. ಆದರೆ ನಾವಿರುವುದು ದೆಹಲಿಯಲ್ಲಿ. ಸರೋಜಿನಿ ನಗರದ ಬಟ್ಟೆ ಅಂಗಡಿಗಳ ನೂಕುನುಗ್ಗಲಿನಲ್ಲಿ ಕುಸುಮ ‘ರೀ’ ಎಂದು ಕೂಗಿದರೆ ತಿರುಗುತ್ತಿದ್ದವನು ನಾನೊಬ್ಬನೇ. ಇಷ್ಟು ದೊಡ್ಡ ರಾಜಧಾನಿಯಲ್ಲಿ ಆ ಹೆಸರಿಗೆ ನಾನೊಬ್ಬನೇ ವಾರಸುದಾರ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ಒಂದಕ್ಷರದಲ್ಲೇ ಅವಳು ಇಡೀ ಸಂಸಾರ ತೂಗಿಸಿದಳು. ಮೊಟಕಾದ ‘ರೀ’ ಬಂದರೆ ಹಾಲು ಉಕ್ಕುತ್ತಿದೆ ಎಂದರ್ಥ. ಪಿಸುದನಿಯದಾದರೆ, ಬಂದ ನೆಂಟರು ಊಟಕ್ಕೂ ನಿಲ್ಲುವ ಹಾಗೆ ಕಾಣುತ್ತಿದೆ, ಅಂಗಡಿಗೆ ಹೋಗಿ ಮೊಸರು ತನ್ನಿ ಎಂದು. ಕುಕ್ಕರಿನ ಸೀಟಿಯನ್ನೂ ಮೀರಿಸಿ ಅಡುಗೆಮನೆಯಿಂದ ಎಳೆದುಕೊಂಡು ಬರುವ ‘ರೀ’ಗೆ ಮಾತ್ರ ನಿರ್ದಿಷ್ಟ ಕಾರಣ ಇರುತ್ತಿರಲಿಲ್ಲ, ಮನೆಯಲ್ಲಿ ಇದ್ದೀರೋ ಇಲ್ಲವೋ ಎಂಬ ವಿಚಾರಣೆ ಅಷ್ಟೆ. ನಾನು ಮೂರನೆಯ ಕೂಗಿಗೆ ಪತ್ರಿಕೆ ಮಡಚಿ ‘ಏನೇ?’ ಎನ್ನುತ್ತಿದ್ದೆ. ಮೊದಲ ಕೂಗಿಗೇ ಎದ್ದು ಓಡಿದರೆ ಗಂಡನೆಂಬ ಪದವಿಗೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ಈಗ ನಾನು ಮನೆಯಲ್ಲಿ ಅಪ್ಪ, ಆಫೀಸಿನಲ್ಲಿ ಸಾಬ್, ತರಕಾರಿ ಭಯ್ಯಾನಿಗೆ ಅಂಕಲ್‌ಜಿ. ‘ರೀ’ ಮಾತ್ರ ಯಾರಿಗೂ ಅಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಅವಳ ಮಾತುಗಳೆಲ್ಲ ನೆನಪಿವೆ, ಧ್ವನಿ ಮರೆತುಹೋಗುತ್ತಿದೆ. ಕಣ್ಣು ಮುಚ್ಚಿ ಕೂತರೂ ಕಿವಿಗೆ ಬರುವುದಿಲ್ಲ. ಹೆದರಿ ಫೋನನ್ನೆಲ್ಲ ಜಾಲಾಡಿದೆ. ಫೋಟೋಗಳು ಬೇಕಾದಷ್ಟಿವೆ. ವಿಡಿಯೋಗಳಲ್ಲಿ ಮಾತ್ರ ಒಂದನ್ನೂ ಬಿಡದಂತೆ ಮಾತಾಡುತ್ತಿರುವವನು ನಾನು. ಯಾವುದೋ ಸುಲ್ತಾನನ ಗೋರಿಯ ಮುಂದೆ ನಿಂತು ಇತಿಹಾಸ ಕೊರೆಯುತ್ತಿದ್ದೇನೆ. ಕುಸುಮ ಹಿಂದೆ ನೆರಳು ಹುಡುಕಿಕೊಂಡು ಸುಮ್ಮನೆ ನಿಂತಿದ್ದಾಳೆ.

ಹೀಗಿರುವಾಗ ಮಗಳು ನಂದಿತಾ ತನ್ನ ಪ್ರಾಜೆಕ್ಟಿನ ಸುದ್ದಿ ತಂದಳು. ಅವಳು ಹೌಜ್ ಖಾಸ್ ಹತ್ತಿರದ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಾಳೆ. ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವುದರೊಳಗೆ ಆಗುವ ಕೆಲಸವನ್ನು ಹಳೇ ಕಾಲದವರ ಹಾಗೆ ಸೀಸದ ಅಕ್ಷರಗಳ ಅಚ್ಚುಮೊಳೆ ಜೋಡಿಸಿ, ಮಸಿ ಹಚ್ಚಿ, ಕೈಯಿಂದ ಒತ್ತಿ ಮುದ್ರಿಸಬೇಕಂತೆ. ಅದಕ್ಕೆ ವರ್ಷಕ್ಕೆ ಇಷ್ಟು ಫೀಸು. ವಿಷಯ, ‘ನಮ್ಮ ಮನೆಯ ಒಂದು ಮಾತು’.

‘ಅಪ್ಪಾ, ನಾನು ಅಮ್ಮನ ಮಾತು ಪ್ರಿಂಟ್ ಮಾಡ್ತೀನಿ. ಅಮ್ಮ ರೋಜ್ ಏನು ಹೇಳ್ತಿದ್ರು?’ ಎಂದು, ಅಮ್ಮ ದಿನಾ ಆಡುತ್ತಿದ್ದ ಮಾತೇನೆಂದು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು.

ಅಮ್ಮನಿಗೆ ತಕ್ಕ ಮಾತಾಗಬೇಕಲ್ಲ ಎಂದು ಒಂದು ಭಾನುವಾರ ಪೂರ್ತಿ ಕೂತು ಒಂದು ವಾಕ್ಯ ಕಡೆದೆ: ‘ಬಂದವರಿಗೆ ಅನ್ನ, ಮನೆಗೆ ದೀಪ, ಮನಸ್ಸಿಗೆ ತೃಪ್ತಿ.’

ನಂದಿತಾ ಹುಬ್ಬು ಗಂಟಿಕ್ಕಿದಳು. ‘ಇಷ್ಟು ಹೆವಿ ಡೈಲಾಗ್ ಅಮ್ಮ ಕಬ್ ಹೇಳಿದ್ರು?’

‘ಯಾವಾಗಲೂ ಹೇಳ್ತಾ ಇದ್ಲು.’

‘ಝೂಟ್, ಅಪ್ಪಾ. ಗೆಸ್ಟ್ ಬಂದ್ರೆ ಅಮ್ಮ ಅಡುಗೆಮನೆಯಲ್ಲಿ ನಿಮ್ಮನ್ನೇ ಬಯ್ತಿದ್ರು.’

ಅಪ್ಪನ ಸಾಹಿತ್ಯ ಹೀಗೆ ಮನೆಯಲ್ಲೇ ಮುಗ್ಗರಿಸಿದರೂ ನಾನು ಪಟ್ಟು ಬಿಡಲಿಲ್ಲ. ಆದರೆ ಕಾಲೇಜಿನಲ್ಲಿ ಇದ್ದದ್ದು ಹಿಂದಿ, ಇಂಗ್ಲಿಷ್ ಮೊಳೆಗಳು ಮಾತ್ರ. ತುಮಕೂರಿನ ನನ್ನ ಷಡ್ಡಕ ಸರ್ಕಾರಿ ಕೆಲಸದ ಮೇಲೆ ದೆಹಲಿಗೆ ಬರುವವರಿದ್ದರು. ಅವರ ಬೀದಿಯಲ್ಲಿ ಮದುವೆ ಕಾರ್ಡು ಹೊಡೆಯುತ್ತಿದ್ದ ಪ್ರೆಸ್ಸೊಂದು ಬಾಗಿಲು ಹಾಕಿತ್ತು. ಅಲ್ಲಿ ಉಳಿದಿದ್ದ ಕನ್ನಡ ಮೊಳೆಗಳನ್ನು ತನ್ನಿ ಎಂದೆ. ಪುಣ್ಯಾತ್ಮ ಆ ಸೀಸದ ಗಂಟನ್ನು ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಲು ಹೋಗಿದ್ದಾರೆ. ನಿಲ್ದಾಣದಲ್ಲಿ ಭದ್ರತೆಯವರು ಬಂದೂಕಿನ ಗುಂಡೇನೋ ಎಂದು ತಡೆದು, ಒಂದೊಂದನ್ನೇ ತಟ್ಟೆಗೆ ಸುರಿಸಿ ನೋಡಿದ್ದಾರೆ. ಅವರು ಇಳಿದುಕೊಂಡಿದ್ದ ಚಾಣಕ್ಯಪುರಿಯ ಅತಿಥಿಗೃಹಕ್ಕೆ ನಾನು ಹೋದಾಗ ಗಂಟನ್ನು ನನ್ನ ಕೈಗೆ ಕುಕ್ಕಿ, ‘ಅಲ್ಲ ಭಾವ, ನಿಮ್ಮ ಮಗಳ ಹೋಂವರ್ಕಿಗೆ ನಾನು ಜೈಲು ಸೇರ್ತಿದ್ದೆ’ ಎಂದರು.

ಗಂಟು ಬಿಚ್ಚಿದರೆ ಒಂದು ಗಣಪತಿಯ ಅಚ್ಚು, ಮಂಗಳವಾದ್ಯದ ಅಚ್ಚು, ಮಿಕ್ಕಂತೆ ಚೂರುಪಾರು ಅಕ್ಷರಗಳು. ನನ್ನ ವಾಕ್ಯಕ್ಕೆ ಬೇಕಾದವು ಅರ್ಧಕ್ಕರ್ಧ ಇರಲಿಲ್ಲ. ‘ಇರೋದ್ರಲ್ಲೇ ಏನಾದ್ರೂ ಮಾಡ್ತೀನಿ. ನೀವು ಟೆನ್ಷನ್ ಮತ್ ಲೋ’ ಎಂದಳು ಮಗಳು. ಮಕ್ಕಳು ಹೀಗೆಂದಾಗಲೇ ನನಗೆ ಟೆನ್ಷನ್ ಶುರುವಾಗುವುದು.

ಆಗಿದ್ದೂ ಹಾಗೇ. ಒಂದು ದಿನ ನನ್ನ ಚಪಾತಿಯ ಮೇಲೆ ಬೂದು ಬಣ್ಣದ ಪಟ್ಟೆ ಮೂಡಿತು. ನೋಡಿದರೆ ಮಸಿ! ಮಗಳು ಮಸಿ ಉರುಳಿಸಲು ಅಡುಗೆಮನೆಯ ಲಟ್ಟಣಿಗೆಯನ್ನೇ ಕಾಲೇಜಿಗೆ ಒಯ್ದಿದ್ದಳು, ತೊಳೆದು ತಂದಿಟ್ಟಿದ್ದಳು. ನನಗೆ ರೇಗಿಹೋಯಿತು. ‘ಅದು ನಿಮ್ಮಮ್ಮನ ಲಟ್ಟಣಿಗೆ ಕಣೇ!’ ಎಂದು ಕೂಗಾಡಿದೆ.

‘ಅದಕ್ಕೇ ಒಯ್ದೆ, ಅಪ್ಪಾ’ ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಆ ಚಪಾತಿಯನ್ನು ಪೂರ್ತಿ ತಿಂದೆ. ಏನೂ ಆಗಲಿಲ್ಲ.

ಕಾಲೇಜಿನಲ್ಲಿ ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಗೋಡೆಗಳ ಮೇಲೆ ಒಬ್ಬರ ಅಜ್ಜಿಯ ಗಾದೆ, ಇನ್ನೊಬ್ಬರ ತಾತನ ಬೈಗುಳ. ನಮ್ಮ ಅನ್ನ, ದೀಪ, ತೃಪ್ತಿ ಎಲ್ಲೂ ಕಾಣಲಿಲ್ಲ. ಕೊನೆಯ ಗೋಡೆಯಲ್ಲಿ ಆಳೆತ್ತರದ ಬಿಳಿ ಹಾಳೆ ತೂಗುತ್ತಿತ್ತು. ಅದರ ತುಂಬ ಒಂದೇ ಅಕ್ಷರ. ರೀ. ರೀ. ರೀ.

ಮೇಲಿನ ‘ರೀ’ ಕಪ್ಪಗೆ, ದಟ್ಟವಾಗಿ, ಹಾಲು ಉಕ್ಕುತ್ತಿರುವ ‘ರೀ’ಯ ಹಾಗೆ ಇತ್ತು. ಅದರ ಕೆಳಗಿನದು ಕೊಂಚ ಮಾಸಿತ್ತು. ಇನ್ನೂ ಕೆಳಗೆ ಬೂದು, ಆಮೇಲೆ ಧೂಳಿನಂಥ ಬಣ್ಣ. ಕೊನೆಯ ಸಾಲುಗಳು ಬರೀ ಬಿಳಿ. ಮಗಳು ಪಕ್ಕದಲ್ಲಿ ಬಂದು ನಿಂತು ಸಣ್ಣ ದನಿಯಲ್ಲಿ ಹೇಳಿದಳು: ‘ಒಂದೇ ಸಲ ಮಸಿ ಹಚ್ಚಿದೆ, ಅಪ್ಪಾ. ಅದು ಮುಗಿಯೋವರೆಗೂ ಒತ್ತಿದೆ. ಮುಗಿದ ಮೇಲೂ ಒತ್ತಿದೆ. ಮುಟ್ಟಿ ನೋಡಿ.’

ಬಿಳಿಯ ಜಾಗದಲ್ಲಿ ಬೆರಳಾಡಿಸಿದೆ. ಮಸಿಯಿಲ್ಲದಿದ್ದರೂ ಅಕ್ಷರ ಹಾಳೆಯಲ್ಲಿ ತಗ್ಗಾಗಿ ಕೂತಿತ್ತು. ಆಸ್ಪತ್ರೆಯ ಕೊನೆಯ ವಾರ ಕುಸುಮಳ ‘ರೀ’ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಗಿತ್ತು. ಕಡೆಯ ಬೆಳಗ್ಗೆ ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು. ಬಾಗಿಲ ಬಳಿ ನಿಂತಿದ್ದ ಮಗಳು ಅದನ್ನು ನೋಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕನ್ನಡಕ ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ಅವಳ ಪಂಜಾಬಿ ಗೆಳತಿಯೊಬ್ಬಳು ಬಂದು, ‘ಯೇ ಪಢ್ತೇ ಕೈಸೇ ಹೈಂ?’ ಎಂದು ಕೇಳಿದ್ದು ಕೇಳಿಸಿತು. ಇದನ್ನು ಓದುವುದು ಹೇಗೆ ಎಂದು ಪಾಪ ಆ ಹುಡುಗಿಯ ಪ್ರಶ್ನೆ. ನಂದಿತಾ ನನ್ನ ಬೆನ್ನ ಹಿಂದಿನಿಂದ, ಕುಕ್ಕರಿನ ಸೀಟಿಯನ್ನು ಮೀರಿಸಬೇಕಾದವಳ ಹಾಗೆ, ಎಳೆದು ಕೂಗಿದಳು:

‘ರೀ...’

ಅದೇ ಧ್ವನಿ. ನಾನು ಫೋನಿನಲ್ಲೆಲ್ಲ ಹುಡುಕಿದ ಧ್ವನಿ ನಮ್ಮ ಮನೆಯ ಊಟದ ಮೇಜಿನಲ್ಲೇ ದಿನಾ ನನ್ನೆದುರು ಕೂತು ಅರ್ಧ ಹಿಂದಿಯಲ್ಲಿ ಮಾತಾಡುತ್ತಿತ್ತು.

‘ಏನೇ? ಬಂದೆ, ಬಂದೆ’ ಎಂದೆ ನಾನು, ಗಟ್ಟಿಯಾಗಿ, ತಿರುಗಿ ಎರಡು ಹೆಜ್ಜೆ ಇಟ್ಟೂ ಬಿಟ್ಟೆ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಗೆಳತಿ ನಕ್ಕಳು. ನಂದಿತಾ ನಗಲಿಲ್ಲ, ಬಂದು ನನ್ನ ತೋಳು ಹಿಡಿದುಕೊಂಡಳು.

ಮೊದಲ ಕೂಗಿಗೇ ಓಗೊಟ್ಟಿದ್ದೆನಲ್ಲ! ಕುಸುಮ ಇದ್ದಿದ್ದರೆ, ‘ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೋ’ ಎಂದು ಕಿಟಕಿಯ ಹತ್ತಿರ ಹೋಗಿ ನೋಡುತ್ತಿದ್ದಳು.